ಐದನೇ ಮಹಡಿಯ ಎಡಗಡೆ

ಫೆಬ್ರುವರಿ 2, ಸೋಮವಾರ

ನಿವೃತ್ತಿಯಾದ ಮೇಲೆ ಮೊದಲ ಸೋಮವಾರ. ಅಭ್ಯಾಸ ಬಿಡಬೇಕಲ್ಲ! ಬೆಳಿಗ್ಗೆ ಎದ್ದು, ಚೀಲದಲ್ಲಿ ಟಾರ್ಚು ಇದೆಯೇ ಎಂದು ನೋಡಿಕೊಂಡು ಬೂಟಿನ ಲೇಸು ಕಟ್ಟುತ್ತಿದ್ದೆ. ಇವಳು ಬಾಗಿಲಿಗೆ ಒರಗಿ ನಿಂತು, "ಎಲ್ಲಿಗೆ ಹೊರಟಿತು ಸವಾರಿ?" ಎಂದಳು. ಲೇಸು ಬಿಚ್ಚಿ ಸೋಫಾದ ಮೇಲೆ ಕುಳಿತೆ. ಇವಳು ಕೆಲಸಕ್ಕೆ ಹೋದಳು. ನಾನು ಕೂತೇ ಇದ್ದೆ.

ಜೀವಮಾನವೆಲ್ಲ ಲಿಫ್ಟು ರಿಪೇರಿ ಮಾಡಿದವನಿಗೆ ಮೇಲೆ, ಕೆಳಗೆ ಎಂಬ ಎರಡು ದಿಕ್ಕು ಬಿಟ್ಟರೆ ಮೂರನೆಯದು ಗೊತ್ತಿಲ್ಲ. ಇನ್ನು ಮುಂದೆ ಬರೀ ಅಡ್ಡಡ್ಡ ಓಡಾಟ. ಸೋಫಾದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಸೋಫಾಕ್ಕೆ.

ಬೀಳ್ಕೊಡುವಾಗ ಈ ಡೈರಿ ಕೊಟ್ಟರು. ಜೊತೆಗೆ, ಕೆಡವಿದ ಹಳೆಯ ಹೋಟೆಲೊಂದರ ಲಿಫ್ಟಿನಿಂದ ಬಿಚ್ಚಿ ತಂದ ಹಿತ್ತಾಳೆಯ ಗುಂಡಿಪಟ್ಟಿ. ನೆಲಮಹಡಿಯಿಂದ ಏಳರವರೆಗೆ ಗುಂಡಿಗಳು, ಎಲ್ಲಕ್ಕಿಂತ ಕೆಳಗೆ ಕೆಂಪು ಗಂಟೆ ಗುಂಡಿ. ಆ ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು ಎಷ್ಟು ಸಲ ಬಿಡಿಸಿದ್ದೇನೋ. ಗಂಟೆ ಬಾರಿಸಿದವರಿಗೆ ಬಾಗಿಲ ಸಂದಿಯಲ್ಲಿ ಬಾಯಿಟ್ಟು ಒಂದೇ ಮಾತು ಹೇಳುತ್ತಿದ್ದೆ: "ಹೆದರ್ಬೇಡಿ, ಗೋಡೆಗೆ ಒರಗಿ ನಿಂತ್ಕೊಳ್ಳಿ. ಪೆಟ್ಟಿಗೆ ಎಲ್ಲಿಗೂ ಬೀಳಲ್ಲ. ನಾನಿದೀನಿ." ಎಂಥ ರೌಡಿಯಾದರೂ ಆ ಮಾತಿಗೆ ಮಗುವಾಗುತ್ತಿದ್ದ.

ಸಂಜೆ ಇವಳು ಬಂದು ಚೀಲ ಕೆಳಗಿಡುವ ಮೊದಲೇ ಅಂದಳು: "ಮೇ ತಿಂಗಳಲ್ಲಿ ಹಲೋ ಮನೆಗೆ ಹೋಗೋಣ. ಇಬ್ಬರೂ."

ಹಲೋ ಎಂಬುದು ನಾನಿಟ್ಟ ಹೆಸರು. ಇವಳು ಈಗ ಆಸ್ಪತ್ರೆಯ ಟೆಲಿಫೋನ್ ಬೋರ್ಡಿನಲ್ಲಿದ್ದಾಳೆ, ಆದರೆ ಮದುವೆಯಾದ ಹೊಸದರಲ್ಲಿ ವಿದೇಶದ ಕರೆಗಳನ್ನು ಜೋಡಿಸುವ ಎಕ್ಸ್‌ಚೇಂಜಿನಲ್ಲಿದ್ದಳು. ಕಡಲಾಚೆಯ ಬಂದರೂರಿನಲ್ಲಿ ಇನ್ನೊಬ್ಬ ಆಪರೇಟರ್. ಲೈನು ಸಿಗುವವರೆಗೆ ಇಬ್ಬರೂ ಹರಕು ಮುರುಕು ಇಂಗ್ಲಿಷಿನಲ್ಲಿ ಹರಟುತ್ತಿದ್ದರು. ಎಕ್ಸ್‌ಚೇಂಜು ಮುಚ್ಚಿತು, ಹರಟೆ ಮುಚ್ಚಲಿಲ್ಲ. ಇಷ್ಟು ವರ್ಷದಲ್ಲಿ ಒಬ್ಬರ ಮುಖ ಒಬ್ಬರು ನೋಡಿಲ್ಲ. ಎದುರೆದುರೇ ನೋಡಬೇಕೆಂದು ಆಣೆ ಹಾಕಿಕೊಂಡು, ಫೋಟೊ ಕೂಡ ಕಳಿಸಿಕೊಂಡಿಲ್ಲ. ಈಗ ಹಲೋಗೂ ನಿವೃತ್ತಿಯಂತೆ, ಗಂಡನೂ ಇಲ್ಲವಂತೆ, ಬಾ ಬಾ ಎನ್ನುತ್ತಿದ್ದಾಳಂತೆ.

"ದೂರದ ಬೆಟ್ಟ ನುಣ್ಣಗೆ ಕಣೇ," ಎಂದೆ.

"ನುಣ್ಣಗಿದೆಯೋ ಒರಟೋ ಅಂತ ಒಂದ್ಸಲ ಮುಟ್ಟಿ ನೋಡ್ಬೇಕು," ಎಂದಳು.

ಫೆಬ್ರುವರಿ 7, ಶನಿವಾರ

ವಿಮಾನದ ವಿಷಯದಲ್ಲಿ ನನಗೆ ಹೆದರಿಕೆಯಿಲ್ಲ. ಇರುವುದು ತಾಂತ್ರಿಕ ಆಕ್ಷೇಪ ಮಾತ್ರ. ಲಿಫ್ಟೂ ಪೆಟ್ಟಿಗೆ, ವಿಮಾನವೂ ಪೆಟ್ಟಿಗೆ. ಲಿಫ್ಟನ್ನು ಮೇಲಿನಿಂದ ಉಕ್ಕಿನ ರೋಪುಗಳು ಹಿಡಿದಿರುತ್ತವೆ. ಒಂದು ಹೋದರೆ ಇನ್ನೊಂದು, ಎಲ್ಲವೂ ಹೋದರೆ ಹಳಿಯನ್ನು ಕಚ್ಚಿ ಹಿಡಿಯುವ ಬ್ರೇಕು. ವಿಮಾನವನ್ನು ಮೇಲಿನಿಂದ ಯಾರು ಹಿಡಿದಿದ್ದಾರೆ? ಯಾರೂ ಇಲ್ಲ. ಇದನ್ನು ಇವಳಿಗೆ ಚಿತ್ರ ಬರೆದು ವಿವರಿಸಿದೆ. ಇವಳು ಚಿತ್ರದ ಹಿಂದೆ ತರಕಾರಿ ಬರೆದುಕೊಂಡು ಮಾರ್ಕೆಟ್ಟಿಗೆ ಹೋದಳು.

ಇವಳ ತಮ್ಮನ ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. ನನ್ನ ಬಾಮೈದ ಒಳ್ಳೆಯವನು, ಆದರೆ ಬಾಯಿ ಜಾಸ್ತಿ. ಹೆಬ್ಬೆರಳು ಒತ್ತಿದರೆ ತೆರೆಯುವ ಹೊಸ ಫೋನು ಕೊಟ್ಟ. ಒತ್ತಿದೆ, ತೆರೆಯಲಿಲ್ಲ. ಹತ್ತೂ ಬೆರಳು ಒತ್ತಿದ್ದಾಯಿತು, ಊಹೂಂ.

"ಭಾವ, ನಿಮ್ಮ ಬೆರಳಲ್ಲಿ ಗೆರೆಗಳೇ ಇಲ್ವಲ್ಲ! ರೋಪು, ಗ್ರೀಸು ಎಲ್ಲಾ ತಿಂದ್ಹಾಕಿಬಿಟ್ಟಿವೆ. ನೀವು ಕಳ್ಳತನಕ್ಕೆ ಇಳಿದಿದ್ರೆ ಪೊಲೀಸರಿಗೆ ಸಿಕ್ತಾನೇ ಇರ್ಲಿಲ್ಲ. ತಪ್ಪು ಕಸುಬು ಹಿಡಿದ್ರಿ."

ಅಂಗಡಿಯಲ್ಲಿ ಒಂದು ಪುಟ್ಟ ಕಂಪ್ಯೂಟರನ್ನು ಟಿವಿಗೆ ಜೋಡಿಸಿಟ್ಟಿದ್ದ. ಹಾಡು, ಸಿನಿಮಾ, ಫೋಟೊ, ಪ್ರಪಂಚದ ಯಾವ ಮೂಲೆಯ ಚಿತ್ರ ಬೇಕಾದರೂ ಅದರೊಳಗೆ. ಮನೆಗೆ ಒಂದು ಕಟ್ಟಿಕೊಳ್ಳಿ ಭಾವ, ಹೊತ್ತು ಹೋಗುತ್ತೆ ಎಂದ. ಮನೆಗೆ ಬರುವ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಪ್ರಪಂಚವೇ ಮನೆಗೆ ಬಂದರೆ ಮನೆ ಬಿಟ್ಟು ಯಾಕೆ ಹೋಗಬೇಕು? ಇದನ್ನು ಇವಳಿಗೆ ಈಗಲೇ ಹೇಳುವುದಿಲ್ಲ. ಕಟ್ಟಿ ತೋರಿಸುತ್ತೇನೆ.

ಫೆಬ್ರುವರಿ 15, ಭಾನುವಾರ

ಮಾನ ಹೋಯಿತು.

ಪ್ರೊಸೆಸರ್ ಎಂಬ ಬಿಲ್ಲೆ ಬಿಸಿಯಾಗುತ್ತದೆ. ಅದರ ಮೇಲೆ ಒಂದು ಬಗೆಯ ಲೇಪ ಹಚ್ಚಿ, ತಣ್ಣಗಿಡುವ ಲೋಹದ ತುಂಡನ್ನು ಕೂರಿಸಬೇಕು. ಲೇಪ ನೋಡುವುದಕ್ಕೆ ಗ್ರೀಸಿನಂತೆಯೇ ಇದೆ. ಗ್ರೀಸು ಕಂಡರೆ ನನ್ನ ಕೈ ನಿಲ್ಲುತ್ತದೆಯೇ? ಯಂತ್ರಕ್ಕೆ ಜಿಪುಣತನ ಮಾಡಬಾರದೆಂದು ಕಲಿತವನು. ಟ್ಯೂಬು ಪೂರ್ತಿ ಹಿಂಡಿ, ನಾಲ್ಕೂ ಬದಿಗೆ ಸವರಿ, ಉಳಿದದ್ದನ್ನು ಫ್ಯಾನಿನ ಅಚ್ಚಿಗೂ ಹಾಕಿದೆ. ಒತ್ತಿ ಕೂರಿಸಿದಾಗ ಬೂದು ಲೇಪ ಎಲ್ಲ ಕಡೆಯಿಂದ ಉಕ್ಕಿ ಬಂತು.

ಬಾಮೈದ ಬಂದು ನೋಡಿ ತಲೆ ಮೇಲೆ ಕೈ ಹೊತ್ತು ಕುಳಿತ. "ಭಾವ, ಬಟಾಣಿ ಕಾಳಿನಷ್ಟು ಸಾಕಿತ್ತು. ನೀವು ಲಿಫ್ಟಿನ ಹಳಿಗೆ ಬಳಿದ ಹಾಗೆ ಬಳಿದಿದ್ದೀರಿ."

ಇವಳು ಒಳಗಿನಿಂದ ಸೆರಗು ಬಾಯಿಗಿಟ್ಟು ನಗುತ್ತಿದ್ದದ್ದು ಕೇಳಿಸಿತು. ಇಡೀ ಮಧ್ಯಾಹ್ನ ಹತ್ತಿಯಲ್ಲಿ ಒರೆಸಿದೆ. ಇಷ್ಟು ಸಣ್ಣ ಕೆಲಸಕ್ಕೆ ನನ್ನ ಬೆರಳು ತುಂಬ ದಪ್ಪ, ತುಂಬ ಒರಟು. ಆದರೂ ಒರೆಸುತ್ತ ಒರೆಸುತ್ತ ಮನಸ್ಸು ಎಲ್ಲೋ ತೇಲಿ ಹೋಗಿತ್ತು, ಕಿಟಕಿಯ ಬೆಳಕು ಗೋಡೆಯಿಂದ ಗೋಡೆಗೆ ಹೋದದ್ದು ತಿಳಿಯಲಿಲ್ಲ.

ಮಾರ್ಚ್ 5, ಗುರುವಾರ

ಓಡಿತು!

ಪೆಟ್ಟಿಗೆ ಟಿವಿಯ ಕೆಳಗೆ ಕೂತಿದೆ. ರಿಮೋಟು ಗಿಮೋಟು ಇಲ್ಲ. ಹೋಟೆಲಿನ ಹಿತ್ತಾಳೆ ಗುಂಡಿಪಟ್ಟಿಯನ್ನೇ ಉಜ್ಜಿ ಹೊಳೆಸಿ ಸೋಫಾದ ಕೈಗೆ ಬಿಗಿದಿದ್ದೇನೆ. ತಂತಿ ಎಳೆದು ಪೆಟ್ಟಿಗೆಗೆ ಜೋಡಿಸಿದವನು ಬಾಮೈದ. ನೆಲಮಹಡಿಯಲ್ಲಿ ರೇಡಿಯೋ. ಒಂದರಲ್ಲಿ ಹಾಡು. ಎರಡರಲ್ಲಿ ಫೋಟೊಗಳು. ಮೂರರಲ್ಲಿ ನಮ್ಮ ಮದುವೆಯ ಟೇಪು (ಅದರಲ್ಲಿ ನನ್ನ ಮೀಸೆ ನೋಡಿ ಬಾಮೈದ ಬಿದ್ದು ಬಿದ್ದು ನಕ್ಕ). ನಾಲ್ಕರಲ್ಲಿ ಸಿನಿಮಾ. ಆರು, ಏಳು ಸದ್ಯಕ್ಕೆ ಖಾಲಿ.

ಐದನೇ ಮಹಡಿಯನ್ನು ಕೊನೆಗೆ ತೋರಿಸಿದೆ. "ಒತ್ತು," ಎಂದೆ. ಇವಳು ಒತ್ತಿದಳು. ಟಿವಿ ಒಂದು ಗಳಿಗೆ ಕಪ್ಪಾಗಿ, ಆಮೇಲೆ ಬೆಳಕಾಯಿತು. ಕಡಲು. ಕಲ್ಲು ಹಾಸಿನ ಚೌಕ, ಗಡಿಯಾರದ ಕಂಬ, ಹಸಿರು ಬೆಂಚು. ದೋಣಿಗಳು ಸಾಲಾಗಿ ನಿಂತು ಒಂದೇ ತಾಳದಲ್ಲಿ ತೂಗುತ್ತಿದ್ದವು. ಹಲೋಳ ಊರಿನ ಬಂದರು. ನಗರಸಭೆಯವರು ಕಂಬದ ಮೇಲೆ ಇಟ್ಟ ಕ್ಯಾಮೆರಾದಿಂದ ಈಗ, ಇದೇ ಕ್ಷಣದಲ್ಲಿ. ನಮಗೆ ಸಂಜೆಯಾದಾಗ ಅಲ್ಲಿ ನಡುಮಧ್ಯಾಹ್ನ.

ಇವಳು ಸೋಫಾದ ಅಂಚಿಗೆ ಜಾರಿ ಕೂತಳು. ನಾನು ಗೆದ್ದೆ ಎಂದುಕೊಂಡೆ.

ಬಹಳ ಹೊತ್ತಿನ ಮೇಲೆ ಕೇಳಿದಳು: "ಗಂಟೆ ಗುಂಡಿ ಒತ್ತಿದ್ರೆ ಏನಾಗುತ್ತೆ?"

"ಅದಕ್ಕಿನ್ನೂ ಏನೂ ಜೋಡಿಸಿಲ್ಲ. ಮನೆಯಲ್ಲಿ ಯಾರು ಸಿಕ್ಕಿಹಾಕ್ಕೋತಾರೆ?"

ಮಾರ್ಚ್ 21, ಶನಿವಾರ

ಈಗ ದಿನಾ ಸಂಜೆ ಐದನೇ ಮಹಡಿ. ಇವಳು ಕೆಲಸದಿಂದ ಬಂದು ಮುಖ ತೊಳೆದು, "ಬನ್ನಿ, ಹತ್ತೋಣ," ಎನ್ನುತ್ತಾಳೆ. ಪರದೆ ಎಳೆಯುತ್ತೇವೆ. ಬಂದರಿನ ಬಿಸಿಲು ನಮ್ಮ ಗೋಡೆಯ ಮೇಲೆ ಬೀಳುತ್ತದೆ. ಇವಳು ಕಾಲನ್ನು ನನ್ನ ತೊಡೆಯ ಮೇಲೆ ಚಾಚಿ ಕೂರುತ್ತಾಳೆ. ಚಹಾ ಆರುತ್ತದೆ. ನಾವು ದೋಣಿಗಳ ತಾಳಕ್ಕೆ ಉಸಿರಾಡುತ್ತೇವೆ. ಎಷ್ಟೋ ಸಲ ನಾನು ಅಲ್ಲೇ ಅರೆನಿದ್ದೆಗೆ ಜಾರಿ, ಎಚ್ಚರವಾದಾಗ ಯಾವ ದಡದಲ್ಲಿದ್ದೇನೆಂದು ತಿಳಿಯದೆ ಸುಮ್ಮನೆ ಕಣ್ಣು ಬಿಟ್ಟುಕೊಂಡಿರುತ್ತೇನೆ. ಹಾಗೆ ಇರುವುದು ಹಿತವಾಗಿದೆ.

ಚಿತ್ರಕ್ಕೆ ದನಿಯಿಲ್ಲ. ಆದರೂ ಜನ ಪರಿಚಯವಾಗಿದ್ದಾರೆ. ನಾಯಿಯ ಹಿಂದೆ ಓಡುವ ಹಳದಿ ಕೋಟಿನವಳು. ಹಕ್ಕಿಗಳಿಗೆ ಕಾಳು ಹಾಕುವ ಬೆಂಚಿನ ಮುದುಕ. ನಡುವೆ ಕೆಲವು ದಿನ ಅವನು ಬರಲಿಲ್ಲ. ಇವಳಿಗೆ ಊಟ ಸೇರಲಿಲ್ಲ. ನಿನ್ನೆ ಬಂದ, ಕತ್ತಿಗೆ ಮಫ್ಲರು ಸುತ್ತಿಕೊಂಡು. "ಶೀತ ಆಗಿತ್ತು ಅಷ್ಟೇ," ಎಂದು ಇವಳು ಸ್ವಂತ ಮಾವನ ವಿಷಯ ಹೇಳುವಂತೆ ಹೇಳಿದಳು.

ಇವಳಿಗೆ ಒಂದು ಗೀಳು ಹತ್ತಿದೆ. ಚೌಕದ ಎಡಗಡೆ. ಕ್ಯಾಮೆರಾ ತಿರುಗುವುದಿಲ್ಲ, ಎಡ ಅಂಚಿನ ಆಚೆ ಏನಿದೆಯೆಂದು ಕಾಣುವುದಿಲ್ಲ. ಅಲ್ಲಿಂದ ಜನ ಬರುತ್ತಾರೆ.

"ರೀ, ನೋಡಿದ್ರಾ? ಎಡಗಡೆಯಿಂದ ಬರೋರು ಒಬ್ಬೊಬ್ಬರಾಗಿ ಬರಲ್ಲ. ಗುಂಪಾಗಿ ಬರ್ತಾರೆ. ಆಮೇಲೆ ಸ್ವಲ್ಪ ಹೊತ್ತು ಯಾರೂ ಇಲ್ಲ. ಮತ್ತೆ ಒಂದು ಗುಂಪು."

"ಬಸ್ ಸ್ಟಾಪ್ ಇರ್ಬೇಕು."

"ಬಸ್ಸಿಳಿದವರು ಹಾಗೆ ನಗ್ತಾರಾ? ನೃತ್ಯ ಶಾಲೆ ಇರ್ಬಹುದು. ಇಲ್ಲಾಂದ್ರೆ ಜಾದೂ ತೋರಿಸೋನು."

"ಇಲ್ಲಾಂದ್ರೆ ನಿನ್ನ ತಲೆ," ಎಂದೆ. ಕಾಣದ್ದರ ಬಗ್ಗೆ ಯಾಕೆ ತಲೆಬಿಸಿ, ಕಾಣುವುದೇ ಇಷ್ಟೊಂದಿದೆಯಲ್ಲ.

ಈ ದಿನ ಸೋಫಾದಲ್ಲಿ ಒಂದು ಕನಸು. ಲಿಫ್ಟಿನಲ್ಲಿದ್ದೇನೆ. ಅದು ಅಡ್ಡಡ್ಡ ಹೋಗುತ್ತಿದೆ. ಬಾಗಿಲ ಸಂದಿಯಲ್ಲಿ ಉಪ್ಪು ಗಾಳಿ. ಹೆದರಿಕೆಯಾಗಲಿಲ್ಲ, ರೋಪಿನ ಸದ್ದು ಕೇಳಿಸುತ್ತಿತ್ತು.

ಏಪ್ರಿಲ್ 8, ಬುಧವಾರ

ವೀಸಾ ಕೇಂದ್ರಕ್ಕೆ ಹೋಗಿದ್ದೆವು. ಇವಳು ಹೊಸ ಸೀರೆ ಉಟ್ಟು, ಪರೀಕ್ಷೆಗೆ ಹೋಗುವ ಹುಡುಗಿಯಂತೆ ಕಾಗದಗಳನ್ನು ಎದೆಗೊತ್ತಿಕೊಂಡಿದ್ದಳು. ಬೆರಳಚ್ಚಿನ ಗಾಜಿನ ಮೇಲೆ ಇವಳ ಬೆರಳು ಇಟ್ಟ ಕೂಡಲೇ ಹಸಿರು ದೀಪ. ನನ್ನದು ಇಟ್ಟರೆ ಕೆಂಪು. ಒರೆಸಿ ಇಟ್ಟೆ, ಒದ್ದೆ ಮಾಡಿ ಇಟ್ಟೆ, ಎಡಗೈ ಇಟ್ಟೆ. ಕೆಂಪು, ಕೆಂಪು, ಕೆಂಪು.

ಇವಳನ್ನು ಅಷ್ಟರಲ್ಲಿ ಫೋಟೊಗೆಂದು ಇನ್ನೊಂದು ಕೋಣೆಗೆ ಕರೆದಿದ್ದರು. ಕೌಂಟರಿನ ಹುಡುಗಿ ನನ್ನ ಕೈಯನ್ನು ಬೆಳಕಿಗೆ ತಿರುಗಿಸಿ ನೋಡಿ, "ಅಂಕಲ್, ಗೆರೆ ಪೂರ್ತಿ ಸವೆದಿದೆ. ಕ್ರೀಮ್ ಹಚ್ಚಿ, ಒರಟು ಕೆಲಸ ಮಾಡ್ಬೇಡಿ. ಎರಡು ವಾರ ಬಿಟ್ಟು ಮತ್ತೆ ಬನ್ನಿ, ಚರ್ಮ ಬಂದಿರುತ್ತೆ," ಎಂದಳು.

ಹೊರಗೆ ಬಂದಾಗ ಇವಳು, "ಏನಂದ್ರು?" ಎಂದಳು.

"ಬೆರಳಚ್ಚು ಬೀಳ್ಲಿಲ್ಲ. ಅವರೇ ಹೇಳಿ ಕಳಿಸ್ತಾರಂತೆ," ಎಂದೆ.

ಯಾಕೆ ಹಾಗೆ ಹೇಳಿದೆನೋ. ಬಾಯಿಂದ ಬಂದುಬಿಟ್ಟಿತು. ದೊಡ್ಡ ಸುಳ್ಳೇನಲ್ಲ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಒಂದು ಮಾತು. ಬಸ್ಸಿನಲ್ಲಿ ಇವಳು ಕಿಟಕಿಯ ಹೊರಗೆ ನೋಡುತ್ತ ನನ್ನ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಬೆರಳುಗಳನ್ನು ಸವರುತ್ತಿದ್ದಳು. "ಪಾಪ, ಎಷ್ಟು ದುಡಿದಿವೆ," ಎಂದಳು.

ಏಪ್ರಿಲ್ 9

ಬರೆಯುವಂಥದ್ದೇನಿಲ್ಲ.

ಏಪ್ರಿಲ್ 27, ಸೋಮವಾರ

ಗುಟ್ಟು ರಟ್ಟಾಯಿತು. ಕೇಂದ್ರದ ಹುಡುಗಿ ಫೋನು ಮಾಡಿ, ಅಂಕಲ್ ಯಾಕೆ ಮತ್ತೆ ಬರಲಿಲ್ಲ ಎಂದು ಕೇಳಿದ್ದಾಳೆ. ಕೊಟ್ಟಿದ್ದ ನಂಬರು ಇವಳದೇ! ಜೀವಮಾನವೆಲ್ಲ ಫೋನು ಎತ್ತಿದವಳಿಗೆ ಫೋನಿನ ವಿಷಯದಲ್ಲಿ ಸುಳ್ಳು ಹೇಳಹೊರಟೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತಾಯಿತು.

ಇವಳು ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಕೂಗಾಡಲಿಲ್ಲ. ಐದನೇ ಮಹಡಿ ಹಾಕಿರಲಿಲ್ಲ, ಟಿವಿ ಕಪ್ಪಗಿತ್ತು, ಅದರಲ್ಲಿ ನಾವಿಬ್ಬರೇ ಕಾಣುತ್ತಿದ್ದೆವು.

"ಹೋಗೋಕೆ ಇಷ್ಟ ಇಲ್ಲ ಅಂತ ಹೇಳ್ಬಹುದಿತ್ತಲ್ಲ," ಎಂದಳು.

"ಎಲ್ಲ ಇಲ್ಲೇ ಇದೆಯಲ್ಲೇ! ಕಡಲು ಇದೆ, ಊರಿದೆ, ಬೇಕಾದ್ರೆ ಹಲೋ ಜೊತೆ ಟಿವಿಯಲ್ಲೇ ಮಾತಾಡು, ಮುಖ ನೋಡು. ಆರನೇ ಮಹಡಿ ಅವಳಿಗೇ ಕೊಡ್ತೀನಿ. ಇದಕ್ಕೇ ಅಲ್ವಾ ಇಷ್ಟೆಲ್ಲ ಕಟ್ಟಿದ್ದು?"

ಹೇಳಿದ ಮೇಲೆ, ಏನು ಒಪ್ಪಿಕೊಂಡೆನೆಂದು ನನಗೇ ಕೇಳಿಸಿತು. ಇವಳು ಮೆಲ್ಲಗೆ ಹೇಳಿದಳು:

"ರೀ, ನಾನು ಬೇರೆಯವರ ಲೈನ್ ಜೋಡಿಸ್ತಾನೇ ಬಂದೆ. ಆ ಕಡೆಯವರು ಫೋನ್ ಎತ್ತಿದ ಕೂಡಲೇ ಆಪರೇಟರ್ ಕಿವಿ ತೆಗೆದು ಬಿಡ್ಬೇಕು, ಅದು ನಿಯಮ. ಯಾರ್ಯಾರೋ ಅಳೋದು ಶುರು ಮಾಡ್ತಿದ್ರು, ನಗೋದು ಶುರು ಮಾಡ್ತಿದ್ರು, ಅಷ್ಟರಲ್ಲಿ ನಾನು ಹೊರಗೆ. ಒಂದ್ಸಲ ನಾನೇ ಆ ಕಡೆ ಹೋಗಿ ನಿಲ್ಬೇಕು. ಅವಳ ಕೈ ಹಿಡಿದು ನೋಡ್ಬೇಕು. ನಿಮ್ಮ ಪೆಟ್ಟಿಗೆ ಚೆನ್ನಾಗಿದೆ. ಅದರಲ್ಲಿ ಕೈ ಇಲ್ಲ."

ನಾನು ಅಂಗಿಯ ತುದಿಯಿಂದ ಗುಂಡಿಪಟ್ಟಿಯನ್ನು ಒರೆಸತೊಡಗಿದೆ.

"ನಿಮಗೆ ಹೆದರಿಕೆ ಆದ್ರೆ ಇರ್ಲಿ. ನಾನೊಬ್ಬಳೇ ಹೋಗ್ತೀನಿ. ಕೂಡಿಟ್ಟ ರಜೆ ಎಲ್ಲ ತಗೊಂಡು."

ಹೆದರಿಕೆಯಲ್ಲ, ತಾಂತ್ರಿಕ ಆಕ್ಷೇಪ. ಇದನ್ನು ಹೇಳಬೇಕೆಂದುಕೊಂಡೆ. ಹೇಳಲಿಲ್ಲ.

ಮೇ 5

ಮನೆಯಲ್ಲಿ ಮಾತು ಕಡಿಮೆ. ಊಟಕ್ಕೆ ಬನ್ನಿ, ಬಂದೆ. ಲೈಟ್ ಆರಿಸಿ, ಆರಿಸಿದೆ. ಇವಳ ವೀಸಾ ಬಂತು.

ಬೇಜಾರಿಗೆ ಪೆಟ್ಟಿಗೆ ಬಿಚ್ಚಿ ಧೂಳು ಒರೆಸಿದೆ. ಕೂದಲೆಳೆಯಂಥ ತಂತಿಗಳನ್ನು ಈಗ ಕತ್ತಲಲ್ಲೂ ಜೋಡಿಸಬಲ್ಲೆ. ಫೋನು ಯಾಕೋ ಹೆಬ್ಬೆರಳಿಗೇ ತೆರೆದುಕೊಂಡಿತು. ಏನು ಕೆಟ್ಟಿದೆಯೋ, ಬಾಮೈದನಿಗೆ ತೋರಿಸಬೇಕು.

ಮೇ 16, ಶನಿವಾರ

ಹೋದಳು.

ವಿಮಾನ ನಿಲ್ದಾಣದ ಲಿಫ್ಟು ನಿಲ್ಲುವಾಗ ನೆಲಕ್ಕಿಂತ ಒಂದು ಬೆರಳು ಮೇಲೆ ನಿಲ್ಲುತ್ತದೆ. ಎಡವಿ ಬಿದ್ದರೆ ಯಾರು ಹೊಣೆ? ಅಲ್ಲಿದ್ದ ಕಾವಲಿನವನಿಗೆ ಅದನ್ನೇ ವಿವರಿಸುತ್ತಿದ್ದೆ. ಇವಳು ತೋಳು ಹಿಡಿದೆಳೆದು, "ಸ್ವಲ್ಪ ನನ್ನ ಕಡೆನೂ ನೋಡಿ," ಎಂದಳು. ನೋಡಿದೆ. ಬಿಳಿ ಕೂದಲನ್ನು ಬಿಗಿಯಾಗಿ ಕಟ್ಟಿ, ಕೈಯಲ್ಲಿ ಕೆಂಪು ಛತ್ರಿ ಹಿಡಿದಿದ್ದಳು. ಚೆನ್ನಾಗಿ ಕಾಣುತ್ತಿದ್ದಳು. ಹೇಳಬೇಕಿತ್ತು.

"ಸೋಮವಾರ ನಿಮ್ಮ ಸಂಜೆ ಚಹಾದ ಹೊತ್ತಿಗೆ ಗಡಿಯಾರದ ಕಂಬದ ಕೆಳಗೆ ನಿಂತಿರ್ತೀನಿ. ಛತ್ರಿ ಬಿಚ್ಚಿ ಹಿಡ್ಕೊಂಡಿರ್ತೀನಿ, ಗುರುತು ಸಿಗ್ಲಿ."

"ಗುರುತಿಗೆ ಛತ್ರಿ ಬೇಕೇನೇ?"

ಮನೆಗೆ ಬಂದು ಗಂಟೆ ಗುಂಡಿಯನ್ನು ಇವಳ ಫೋನಿಗೆ ಜೋಡಿಸಿದೆ. ಒತ್ತಿದರೆ ಅಲ್ಲಿ ರಿಂಗಾಗುತ್ತದೆ. ಬಾಮೈದನನ್ನು ಕೇಳದೆ ನಾನೇ ಮಾಡಿದೆ. ಒತ್ತಲಿಲ್ಲ.

ಮೇ 18, ಸೋಮವಾರ

ಮಧ್ಯಾಹ್ನವೇ ಐದನೇ ಮಹಡಿ ಹಾಕಿಕೊಂಡು ಕೂತೆ. ಅಲ್ಲಿ ಇನ್ನೂ ಬೆಳಗು, ಕಲ್ಲು ಒದ್ದೆ. ಬೆಂಚಿನ ಮುದುಕ ಬಂದ. ಹಳದಿ ಕೋಟಿನವಳು ಹೋದಳು. ಬಿಸಿಲು ಏರಿತು. ಚಹಾ ಮಾಡಿಕೊಂಡು ಬರುವಷ್ಟರಲ್ಲಿ ತಪ್ಪಿಹೋದೀತೆಂದು ಮಾಡಲಿಲ್ಲ.

ಬಂದರು. ಎಡಗಡೆಯಿಂದ ಒಂದು ಗುಂಪು, ಅದರ ಹಿಂದೆ ಇಬ್ಬರು ಹೆಂಗಸರು. ಒಬ್ಬಳು ಎತ್ತರ, ಇನ್ನೊಬ್ಬಳು ಇವಳು. ಕಿರುಬೆರಳಿನಷ್ಟೂ ಇಲ್ಲ ಟಿವಿಯಲ್ಲಿ. ಆದರೂ ಆ ನಡಿಗೆ! ಬಲಗಾಲನ್ನು ಸ್ವಲ್ಪ ಎಳೆದು ಹಾಕುವ ನಡಿಗೆ, ಅದನ್ನು ನಾನು ಯಾವ ದೇಶದಲ್ಲಿ ಬೇಕಾದರೂ ಗುರುತಿಸುತ್ತೇನೆ. ಆಮೇಲೆ ಛತ್ರಿ ಬಿಚ್ಚಿದಳು. ಒಂದು ಹನಿ ಮಳೆಯಿಲ್ಲ, ಚೌಕದ ನಡುವೆ ಒಂದು ಕೆಂಪು ಚುಕ್ಕೆ. ಎತ್ತರದವಳು, ಹಲೋ ಅವಳೇ ಇರಬೇಕು, ಇವಳ ಇನ್ನೊಂದು ಕೈಯನ್ನು ಬಿಡದೆ ಹಿಡಿದುಕೊಂಡಿದ್ದಳು. ಇಬ್ಬರೂ ಮೇಲೆ ನೋಡಿ ಕೈ ಬೀಸಿದರು. ನಾನೂ ಬೀಸಿದೆ. ಖಾಲಿ ಮನೆಯಲ್ಲಿ ನಿಂತು ಟಿವಿಗೆ ಕೈ ಬೀಸುವ ಮುದುಕ. "ಊಟ ಆಯ್ತೇನೇ?" ಎಂದೂ ಕೇಳಿದೆ.

ಛತ್ರಿ ಮಡಚಿದಳು. ಹಲೋ ಏನೋ ಹೇಳಿದಳು, ಇವಳು ನಕ್ಕಳು, ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಹಾಗೆ ನಕ್ಕದ್ದನ್ನು ನೋಡಿ ಎಷ್ಟು ಕಾಲವಾಗಿತ್ತು. ಇಬ್ಬರೂ ತಿರುಗಿ ಎಡಗಡೆಗೆ ನಡೆದರು. ಅಂಚಿನಲ್ಲಿ ಹಲೋ ಮಾಯವಾದಳು, ಆಮೇಲೆ ಇವಳ ಅರ್ಧ, ಆಮೇಲೆ ಛತ್ರಿಯ ತುದಿ.

ನಾನು ಎದ್ದು ಟಿವಿಯ ಎಡಪಕ್ಕಕ್ಕೆ ಹೋಗಿ ನೋಡಿದೆ. ಗೋಡೆ. ಕ್ಯಾಲೆಂಡರು. ಆ ಚೌಕದ ಒಂದೊಂದು ಕಲ್ಲು ಗೊತ್ತು ನನಗೆ, ಆದರೆ ಇವಳು ಹೋದದ್ದು ನನಗೆ ಗೊತ್ತಿಲ್ಲದ ಕಡೆಗೆ.

ಗಂಟೆ ಒತ್ತಿದೆ.

"ಏನಾಯ್ತು ರೀ?" ದನಿಯ ಹಿಂದೆ ಗಾಳಿ, ಹಕ್ಕಿಗಳ ಗಲಾಟೆ, ಯಾವುದೋ ಕಬ್ಬಿಣದ ಕಿರ್ರೆನ್ನುವ ಸದ್ದು.

"ನೀನು ಕಾಣ್ತಾ ಇಲ್ಲ," ಎಂದೆ. ಅತ್ತುಬಿಟ್ಟೆ ಎಂದೇ ಬರೆಯುತ್ತೇನೆ, ಯಾರು ಓದುತ್ತಾರೆ.

ಇವಳಿಗೆ ಗೊತ್ತಾಯಿತು. "ಹೆದರ್ಬೇಡಿ," ಎಂದಳು. "ಗೋಡೆಗೆ ಒರಗಿ ನಿಂತ್ಕೊಳ್ಳಿ. ನಾನಿದೀನಿ."

ಮೇ 20

"ಎಡಗಡೆ ಏನಿದೆ ಹೇಳು," ಎಂದೆ ಫೋನಿನಲ್ಲಿ.

ಇವಳು ಹಲೋಗೆ ಏನೋ ಹೇಳಿದಳು. ಇಬ್ಬರೂ ಚಿಕ್ಕ ಹುಡುಗಿಯರಂತೆ ಕಿಸಿಕಿಸಿ ನಕ್ಕರು.

"ಹೇಳಲ್ಲ. ಬಂದು ನೋಡಿ."

"ನೃತ್ಯ ಶಾಲೆಯಾ?"

"ನೀವು ಬಸ್ ಸ್ಟಾಪ್ ಅಂದಿದ್ರಿ. ನೀವು! ಬೇರೆ ಯಾರಾದ್ರೂ ಅಂದಿದ್ರೆ ಕ್ಷಮಿಸ್ತಿದ್ದೆ."

ಫೋನಿಟ್ಟಳು. ಇದೆಂಥ ಮಾತು? ನನಗೇಕೆ ಕ್ಷಮೆಯಿಲ್ಲ?

ಮೇ 22

ಇಡೀ ದಿನ ಎಡಗಡೆಯಿಂದ ಬರುವವರನ್ನೇ ನೋಡಿದೆ. ಗುಂಪು. ಖಾಲಿ. ಗುಂಪು. ಖಾಲಿ. ಊಟ ಮರೆತೆ.

ಮೇ 25, ಸೋಮವಾರ

ಸುಮ್ಮನೆ ಆ ಕಡೆ ಹೋಗಿದ್ದವನು ವೀಸಾ ಕೇಂದ್ರದೊಳಗೆ ಹೋದೆ. ಅದೇ ಹುಡುಗಿ. "ಅಂತೂ ಬಂದ್ರಲ್ಲ ಅಂಕಲ್! ನಿಮ್ಮ ಅರ್ಜಿ ಹಾಗೇ ಇದೆ. ಕ್ರೀಮ್ ಹಚ್ಚಿದ್ರಾ?"

"ಇಲ್ಲ. ಕಂಪ್ಯೂಟರ್ ಕಟ್ಟಿದೆ, ಆಮೇಲೆ ಸೋಫಾದಲ್ಲಿ ಕೂತೆ."

ಗಾಜಿನ ಮೇಲೆ ಬೆರಳಿಟ್ಟೆ, ಕೆಂಪು ದೀಪಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು. ಹಸಿರು. ಇನ್ನೊಂದು, ಹಸಿರು. ಹತ್ತೂ ಹಸಿರು. ಹುಡುಗಿ ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ಸುತ್ತು ಸುತ್ತಾದ ಗೆರೆಗಳು, ಒಂದರೊಳಗೊಂದು. ಇಷ್ಟು ವರ್ಷ ಇವು ಎಲ್ಲಿದ್ದವು? ನನ್ನ ಬೆರಳೇ ನನಗೆ ಹೊಸದಾಗಿ ಕಂಡು ನಾಚಿಕೆಯಾಯಿತು.

ಬಾಮೈದನಿಗೆ ಹೇಳಿದೆ. "ಇನ್ನು ಕಳ್ಳತನ ಮಾಡೋ ಹಾಗಿಲ್ಲ ಭಾವ," ಎಂದ. ಆಮೇಲೆ ಕಣ್ಣೊರೆಸಿಕೊಂಡ, ಧೂಳು ಬಿತ್ತಂತೆ.

ಜೂನ್ 13, ಶನಿವಾರ, ವಿಮಾನದಲ್ಲಿ

ಅಕ್ಷರ ನೆಟ್ಟಗಿಲ್ಲ. ಹತ್ತುವಾಗ ಮೇಲೆ ನೋಡಿದೆ. ರೋಪು ಇಲ್ಲ. ಇಲ್ಲವೆಂದು ಗೊತ್ತಿದ್ದೂ ನೋಡಿದೆ.

ನೆಲ ಬಿಟ್ಟಾಗ ಸೀಟಿನ ಕೈಗಳನ್ನು ಬಿಗಿಯಾಗಿ ಹಿಡಿದೆ. ಅಷ್ಟರಲ್ಲಿ ಪಕ್ಕದ ಸೀಟಿನ ಹೆಂಗಸು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬೇರೆ ಭಾಷೆಯವಳು, ಮುಖ ಬಿಳಿಚಿತ್ತು. ನನ್ನ ಬಾಯಿ ಅಭ್ಯಾಸಬಲದಿಂದ ತಾನೇ ತೆರೆಯಿತು: "ಹೆದರ್ಬೇಡಿ. ಹಿಂದಕ್ಕೆ ಒರಗಿ ಕೂತ್ಕೊಳ್ಳಿ. ಪೆಟ್ಟಿಗೆ ಎಲ್ಲಿಗೂ ಬೀಳಲ್ಲ. ನಾನಿದೀನಿ." ಏನು ತಿಳಿಯಿತೋ, ಹಿಡಿತ ಸಡಿಲಿಸಿದಳು. ಅಷ್ಟು ಧೈರ್ಯವಾಗಿ ಹೇಳಿದ ಮೇಲೆ ನಾನೂ ನಂಬಬೇಕಾಯಿತು.

ಈಗ ಕಿಟಕಿಯ ಕೆಳಗೆ ಮೋಡ, ಅದರ ಕೆಳಗೆ ಕಡಲು ಇರಬೇಕು. ಪೆಟ್ಟಿಗೆ ಅಡ್ಡಡ್ಡ ಹೋಗುತ್ತಿದೆ. ಈ ಕನಸನ್ನು ಎಲ್ಲೋ ಕಂಡಿದ್ದೇನೆ.

ಜೂನ್ 14, ಭಾನುವಾರ

ಬೆಂಚು ಹಸಿರಲ್ಲ, ನೀಲಿ. ಟಿವಿಯ ಬಣ್ಣ ಸರಿಮಾಡಬೇಕು. ಚೌಕಕ್ಕೆ ಮೀನಿನ ವಾಸನೆ, ಟಾರಿನ ವಾಸನೆ. ದೋಣಿಗಳು ತೂಗುವಾಗ ಒಂದಕ್ಕೊಂದು ತಾಗಿ ಟಕ್ ಟಕ್ ಎನ್ನುತ್ತವೆ, ಇಷ್ಟು ದಿನ ಇದು ಗೊತ್ತೇ ಇರಲಿಲ್ಲ.

ಇವಳು ಗಡಿಯಾರದ ಕಂಬದ ಕೆಳಗೆ ನಿಂತಿದ್ದಳು. ನನ್ನನ್ನು ನೋಡಿ, "ಬಂದ್ರಾ," ಎಂದಳು, ನಾನು ಅಂಗಡಿಗೆ ಹೋಗಿ ಬಂದವನೆಂಬಂತೆ. ಹಲೋ ನನ್ನ ಎರಡೂ ಕೈ ಹಿಡಿದುಕೊಂಡು ಬೆರಳು ತಿರುಗಿಸಿ ನೋಡಿದಳು. ಎಲ್ಲ ಹೇಳಿಬಿಟ್ಟಿದ್ದಾಳೆ ಇವಳು.

"ಚೆನ್ನಾಗಿ ಕಾಣ್ತಿದೀಯಾ," ಎಂದೆ ಇವಳಿಗೆ. ಒಂದು ತಿಂಗಳು ತಡವಾಗಿ.

"ಸಾಕು, ಎಡಗಡೆ ನೋಡಿ."

ನೋಡಿದೆ.

ಊರು ಎರಡು ಅಂತಸ್ತಿನದು. ಕೆಳಗೆ ಬಂದರು, ಮೇಲೆ ಬಂಡೆಯ ನೆತ್ತಿಯಲ್ಲಿ ಮನೆಗಳು. ಎರಡರ ನಡುವೆ, ಬಂಡೆಗೆ ಒರಗಿ, ಹಳೆಯ ಕಬ್ಬಿಣದ ಗೋಪುರ. ಅದರೊಳಗೆ ಲಿಫ್ಟು. ಬೀದಿಯ ಲಿಫ್ಟು, ಊರಿಗೆಲ್ಲ ಒಂದು. ನಾನು ನೋಡುತ್ತಿದ್ದಂತೆಯೇ ಅದು ಇಳಿದು ಬಂತು, ಜಾಲರಿ ಬಾಗಿಲು ಸರಿಯಿತು, ಜನ ಗುಂಪಾಗಿ ಹೊರಬಂದರು. ಆಮೇಲೆ ಖಾಲಿ.

ಲಿಫ್ಟಿನಿಂದ ಇಳಿದ ಜನ ಹೇಗೆ ನಡೆಯುತ್ತಾರೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ತಿಂಗಳುಗಟ್ಟಲೆ ದಿನಾ ನೋಡಿದೆ. ಬಸ್ ಸ್ಟಾಪ್ ಎಂದೆ. ಎಡಗಡೆ ಏನಿದೆಯೆಂದು ಇವಳು ಕೇಳುವಾಗೆಲ್ಲ, ಎಲ್ಲಿ ಇವಳು ಆ ಕಡೆ ಹೋಗಿಬಿಡುತ್ತಾಳೋ ಎಂಬ ಭಯವೇ ನನಗೆ ದೊಡ್ಡದಾಗಿತ್ತು. ಹೆದರಿಕೆಯೇ. ಆಕ್ಷೇಪ ಅಲ್ಲ.

ಲಿಫ್ಟಿನೊಳಗೆ ಸ್ಟೂಲಿನ ಮೇಲೆ ನನ್ನ ವಯಸ್ಸಿನ ಒಬ್ಬ ಮನುಷ್ಯ ಕೂತಿದ್ದ. ಮೂವರೂ ಹತ್ತಿದೆವು. ಪೆಟ್ಟಿಗೆ ಏರುವಾಗ ಕಣ್ಣು ಮುಚ್ಚಿ ಕೇಳಿದೆ, ಅವತ್ತು ಫೋನಿನಲ್ಲಿ ಕೇಳಿದ ಅದೇ ಕಿರ್ರೆನ್ನುವ ಸದ್ದು. ರೋಪು ಒಣಗಿದೆ. ಅವನಿಗೆ ನನ್ನ ಭಾಷೆ ಬಾರದು, ನನಗೆ ಅವನದು. ಮೇಲೆ ತೋರಿಸಿ, ಹೆಬ್ಬೆರಳಿಗೆ ತೋರುಬೆರಳು ಉಜ್ಜಿ, ಗ್ರೀಸಿಲ್ಲ ಎಂಬಂತೆ ತಲೆ ಅಲ್ಲಾಡಿಸಿದೆ. ಅವನು ಎರಡೂ ಕೈ ಮೇಲೆತ್ತಿ, ಹೇಳಿದರೆ ಯಾರು ಕೇಳುತ್ತಾರೆ ಎಂಬಂತೆ ನಿಟ್ಟುಸಿರು ಬಿಟ್ಟ. ಅಷ್ಟೇ, ನಾವು ಅಣ್ಣತಮ್ಮಂದಿರಾದೆವು.

ಆಮೇಲೆ ಕೆಳಗಿಳಿದು ಮೂವರೂ ಕ್ಯಾಮೆರಾಕ್ಕೆ ಕೈ ಬೀಸಿದೆವು. ಅಲ್ಲಿ ನಮ್ಮ ಸೋಫಾದಲ್ಲಿ ಬಾಮೈದ ಕೂತಿದ್ದಾನೆ, ಮನೆ ನೋಡಿಕೊಳ್ಳುವ ನೆಪದಲ್ಲಿ.

ನಾಳೆ ಆ ಮನುಷ್ಯ ನನ್ನನ್ನು ಮೇಲಿನ ಮೆಷಿನ್ ರೂಮಿಗೆ ಕರೆದೊಯ್ಯುತ್ತಾನೆ. ಹಳೆಯ ಅಂಗಿ ತೆಗೆದಿಟ್ಟಿದ್ದೇನೆ.

"ಗ್ರೀಸು ಮುಟ್ಟಿದ್ರೆ ಬೆರಳು ಮತ್ತೆ ಸವೆಯುತ್ತೆ," ಎಂದಳು ಇವಳು.

"ಸವೆದ್ರೆ ಸವೀಲಿ," ಎಂದೆ, "ಹೇಗೂ ಬಂದಾಯ್ತಲ್ಲ."